ಆದಿತ್ಯವಾರದ ಯಾಟ್ ನಕ್ಷೆ ಕೂಟ: ಪ್ರಿಂಟ್ ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಆದಿತ್ಯವಾರ ಸಂಜೆ 4ಕ್ಕೆ ಕಾಸರಗೋಡು ಪೇಟೆಯ ವಾಚನಾಲಯದಲ್ಲಿ ಮೂರು ಮೋಟಾರ್ ಯಾಟ್‌ಗಳ (ಎಂಜಿನ್‌ನಿಂದ ಓಡುವ ವಿಲಾಸಿ ಹಡಗುಗಳ) ಪಕ್ಕನೋಟ ಹೋಲಿಸಲಿದ್ದೇವೆ. ನಕ್ಷೆ ತರಲು ಒಪ್ಪಿದವರು 1:500 ಅಳತೆಯಲ್ಲಿ, ಎ4 ಹಾಳೆಯಲ್ಲಿ ಅಡ್ಡಲಾಗಿ ಪ್ರಿಂಟ್ ತೆಗೆಸಿ. ಕಂಸದಲ್ಲಿರುವುದು ಹಡಗು ಕಟ್ಟಿದ ವರ್ಷ ಮತ್ತು ನಿಜವಾದ ಉದ್ದ, ಮುಂದಿನದು ಹಾಳೆಯಲ್ಲಿ ಬರಬೇಕಾದ ಉದ್ದ:

ಸವರೋನಾ (1931, 136 ಮೀ.): 27.2 ಸೆಂ.ಮೀ.
ಮೋಟಾರ್ ಯಾಟ್ ಎ (2008, 119 ಮೀ.): 23.8
ಕ್ರಿಸ್ಟಿನಾ ಓ (99 ಮೀ.): 19.8

ಅಂಗಡಿಯವರು ‘ಫಿಟ್ ಟು ಪೇಜ್’ ಒತ್ತಿದರೆ ಮೂರೂ ಒಂದೇ ಉದ್ದ ಬಂದು ಹೋಲಿಕೆಯೇ ಕೆಡುತ್ತದೆ. 100% ಇಡಲು ಹೇಳಿ, ಅಲ್ಲೇ ಸ್ಕೇಲ್ ಹಿಡಿದು ನೋಡಿ. ಕ್ರಿಸ್ಟಿನಾದ್ದು 1943ರ ಕೆನಡಾ ಯುದ್ಧನೌಕೆಯ ಒಡಲು, ಅದಕ್ಕೇ ಅಷ್ಟು ಸಪೂರ. ‘ಎ’ಯ ಮೂತಿ ನೀರಿನ ಮಟ್ಟದಲ್ಲೇ ಮುಂದೆ ಚಾಚಿ ಮೇಲಕ್ಕೆ ಹಿಂದೆ ವಾಲುತ್ತದೆ (ಚಂದವೋ ಅಲ್ಲವೋ, ಜಗಳ ಅಲ್ಲೇ ಆಗಲಿ).

ಯಾರು ಯಾವುದು ತರುತ್ತೀರಿ, ಶುಕ್ರವಾರದೊಳಗೆ ಇಲ್ಲೇ ತಿಳಿಸಿ.