ಭೀಮನ ಅಮಾವಾಸ್ಯೆಗೆ ಟೆಂಟಿನಲ್ಲಿ

ಪ್ರೀತಿಯ ಅಪ್ಪ, ಅಮ್ಮನಿಗೆ,

ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ತೀರ್ಥಹಳ್ಳಿ ಕಡೆ ಮಳೆ ಬಿಟ್ಟೇ ಇಲ್ಲ ಅಂತ ಅಕ್ಕ ಹೇಳಿದಳು. ತೋಟಕ್ಕೆ ಔಷಧಿ ಹೊಡೆಸಿದ್ದು ಆಯ್ತಾ? ಅಡಿಕೆಗೆ ಕೊಳೆರೋಗ ಶುರುವಾಗಿದ್ದರೆ ಬರೆಯಿರಿ.

ಅಮಾವಾಸ್ಯೆ ದಿನ ಯಾರಾದರೂ ಪ್ರಯಾಣ ಹೊರಡ್ತಾರಾ ಅಂತ ಅಮ್ಮ ಫೋನಿನಲ್ಲಿ ಬೈದಳಲ್ಲ, ನಕ್ಷತ್ರ ನೋಡುವವರು ಚಂದ್ರನಿಲ್ಲದ ಅವತ್ತೇ ಹೊರಡಬೇಕು. ನಿಮ್ಮ ಸೊಸೆ ಭೀಮೇಶ್ವರನ ಪೂಜೆ ಮುಗಿಸಿದ ಮೇಲೆಯೇ ಕಾರು ಹತ್ತಿದ್ದು, ಚಿಂತೆ ಬೇಡ.

ಟೆಂಟ್ ಹಾಕಲು ಹೋಗಿದ್ದು ವೈಲ್ಡರ್‌ನೆಸ್ ಸ್ಟೇಟ್ ಪಾರ್ಕಿಗೆ. ನಕ್ಷೆಯಲ್ಲಿ ಅಮೆರಿಕದ ನಮ್ಮ ಈ ಮಿಷಿಗನ್ ರಾಜ್ಯದ ಕೆಳಭಾಗ ಕೈಗವಸಿನ ಆಕಾರದಲ್ಲಿದೆ. ಅದಕ್ಕೇ ಊರು ಎಲ್ಲಿ ಅಂದರೆ ಇಲ್ಲಿಯವರು ಅಂಗೈ ಎತ್ತಿ ಬೆರಳಿಟ್ಟು ತೋರಿಸುತ್ತಾರೆ. ಡೆಟ್ರಾಯಿಟ್ ಪಕ್ಕದ ನಮ್ಮ ಮನೆ ಹೆಬ್ಬೆರಳಿನ ಬುಡದ ಕೆಳಗೆ. ಪಾರ್ಕ್ ನಡುಬೆರಳಿನ ತುದಿಯಲ್ಲಿ. ಸುಮಾರು 450 ಕಿ.ಮೀ. ಆಗುತ್ತದೆ. ಹತ್ತಿರದಲ್ಲೇ ಮ್ಯಾಕಿನಾ ಸೇತುವೆ, 1957ರಲ್ಲಿ ಶುರುವಾದದ್ದು, 8 ಕಿ.ಮೀ. ಉದ್ದ. ಅದರ ಒಂದು ಪಕ್ಕ ಮಿಷಿಗನ್ ಸರೋವರ, ಇನ್ನೊಂದು ಪಕ್ಕ ಹ್ಯೂರನ್.

ಸರೋವರ ಅಂದರೆ ಕೆರೆ ಅಂದುಕೊಳ್ಳಬೇಡಿ. ಮಿಷಿಗನ್ ಸರೋವರ ಒಂದೇ ಸುಮಾರು 58,000 ಚದರ ಕಿ.ಮೀ., ಕರ್ನಾಟಕದ ಮೂರನೇ ಒಂದು ಪಾಲಿಗೆ ಹತ್ತಿರ. ಆಚೆ ದಡ ಕಾಣುವುದಿಲ್ಲ. ಅಲೆ ಇದೆ, ಮರಳು ಇದೆ, ಉಪ್ಪು ಮಾತ್ರ ಇಲ್ಲ. ಪಾರ್ಕಿಗೇ 42 ಕಿ.ಮೀ. ದಂಡೆ ಇದೆ. ಜುಲೈನಲ್ಲೂ ನೀರು ಚಳಿ ಹಿಡಿಸುವಷ್ಟು ತಣ್ಣಗಿತ್ತು. ನಮ್ಮ ಮಗ ಪುಟ್ಟ ಮಾತ್ರ ತುಟಿ ನೀಲಿಯಾದರೂ ಮೇಲೆ ಬರಲೊಲ್ಲ. ಈ ದಂಡೆಗಳಲ್ಲಿ ಪೈಪಿಂಗ್ ಪ್ಲೋವರ್ ಅನ್ನುವ ಪುಟಾಣಿ ಹಕ್ಕಿ ಬರೀ ಮರಳಿನ ಮೇಲೇ ಮೊಟ್ಟೆ ಇಡುತ್ತದೆ. 1986ರಿಂದ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಗೂಡಿರುವ ಕಡೆ ಹಗ್ಗ ಕಟ್ಟಿ ಜನರನ್ನು ದೂರ ಇಡುತ್ತಾರೆ. ಒಂದು ಹಕ್ಕಿಗಾಗಿ ಬೀಚ್ ಬಿಟ್ಟುಕೊಡುವುದು ನನಗಂತೂ ತುಂಬ ಹಿಡಿಸಿತು.

ಸೌದೆ ಮನೆಯಿಂದ ತರಬೇಡಿ ಅನ್ನುತ್ತಾರೆ. ಆಶ್ ಮರ ಕೊರೆಯುವ ಹುಳ 2002ರಲ್ಲಿ ನಮ್ಮ ಡೆಟ್ರಾಯಿಟ್ ಕಡೆಯೇ ಸಿಕ್ಕಿದ್ದು, ಸೌದೆಯ ಜೊತೆ ಊರೂರಿಗೆ ಹೋಯ್ತು. ಅಲ್ಲೇ ಕೊಂಡ ಸೌದೆಯ ಬೆಂಕಿಯಲ್ಲಿ ಜೋಳ ಸುಟ್ಟೆವು, ಜೊತೆಗೆ ಅಮ್ಮನ ಚಟ್ನಿಪುಡಿ, ಅನ್ನ, ಮೊಸರು. ಉಳಿದದ್ದನ್ನೆಲ್ಲ ಮಲಗುವ ಮುಂಚೆ ಕಾರಿಗೆ ತುಂಬಬೇಕು. ರಕೂನ್ ಅನ್ನುವ ಪ್ರಾಣಿ ನಮ್ಮ ಮಂಗಗಳಿಗೇನೂ ಕಮ್ಮಿಯಲ್ಲ, ಡಬ್ಬಿ ಮುಚ್ಚಳ ಬಿಚ್ಚುವುದೂ ಅದಕ್ಕೆ ಗೊತ್ತು.

ಅಪ್ಪ, ಈಗ ನಿನಗೆ ಬೇಕಾದ ವಿಷಯ. ಇಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವಾಗಲೇ ರಾತ್ರಿ 9 ದಾಟಿರುತ್ತದೆ, ಪೂರ್ತಿ ಕತ್ತಲಾಗಲು 11 ಕಳೆಯಬೇಕು. ಈ ಪಾರ್ಕಿನಲ್ಲಿ ಕತ್ತಲೆಯನ್ನೂ ಕಾಡು, ಹಕ್ಕಿಯ ಹಾಗೇ ಕಾಯುತ್ತಾರೆ. ಪಕ್ಕದ ಹೆಡ್‌ಲ್ಯಾಂಡ್ಸ್ ಅನ್ನುವ ಜಾಗಕ್ಕೆ 2011ರಲ್ಲೇ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್, ಅಂದರೆ ಕತ್ತಲ ಆಕಾಶ ಕಾಯುವ ತಾಣ, ಅಂತ ಮನ್ನಣೆ ಸಿಕ್ಕಿತು. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ದಂಡೆಗೆ ಹೋದೆವು. ಬಿಳಿ ಬೆಳಕು ಬಿದ್ದರೆ ಕಣ್ಣು ಮತ್ತೆ ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಬೇಕು.

ಮೊದಲು ಹುಡುಕಿದ್ದು ಧ್ರುವನನ್ನು. ನಮ್ಮ ಅಂಗಳದಲ್ಲಿ ಅವನು ದಿಗಂತದಿಂದ ಸುಮಾರು 14 ಡಿಗ್ರಿ ಮಾತ್ರ ಏರುತ್ತಾನೆ, ಅಡಿಕೆ ಮರಗಳ ಹಿಂದೆಯೇ ಉಳಿಯುತ್ತಾನೆ. ನೀನು ಏಣಿ ಹತ್ತಿಸಿ ತೋರಿಸಿದ್ದೆಯಲ್ಲ. ಇಲ್ಲಿ ನೀರಿನ ಮೇಲೆ ಆಕಾಶದ ಅರ್ಧಕ್ಕೆ ಏರಿ ಕೂತಿದ್ದಾನೆ. ಭೂಮಧ್ಯ ರೇಖೆಗೂ ಧ್ರುವಕ್ಕೂ ನಟ್ಟನಡುವೆ ಇರುವ 45ನೇ ಅಕ್ಷಾಂಶವನ್ನು ದಾರಿಯಲ್ಲೇ ದಾಟಿದ್ದೆವು, ಹೆದ್ದಾರಿಯಲ್ಲಿ ಬೋರ್ಡೇ ಇದೆ. ವಾಯವ್ಯದಲ್ಲಿ ಸಪ್ತರ್ಷಿಗಳು ನೀರಿನ ಕಡೆ ಬಾಗಿದ್ದರು. ವಸಿಷ್ಠರ ಪಕ್ಕದ ಅರುಂಧತಿಯನ್ನು ಪುಟ್ಟ ತಾನೇ ಕಂಡುಹಿಡಿದ. ನೆತ್ತಿಯ ಮೇಲೆ ಅಭಿಜಿತ್ ನಕ್ಷತ್ರ. ಆಕಾಶಗಂಗೆ ಎಷ್ಟು ದಟ್ಟವಾಗಿತ್ತೆಂದರೆ ಇವಳು ಮೊದಲು ಮೋಡ ಅಂದುಕೊಂಡಳು. ಆದರೆ ವೃಶ್ಚಿಕ ರಾಶಿಗೆ ಇಲ್ಲಿ ಮರ್ಯಾದೆ ಇಲ್ಲ. ಅದರ ಜ್ಯೇಷ್ಠಾ ನಕ್ಷತ್ರ ಕೆಂಪಗೆ ದಕ್ಷಿಣದ ಮರಗಳ ತುದಿಯಲ್ಲಿ ಕಂಡಿತು, ಚೇಳಿನ ಬಾಲ ಕಾಡಿನ ಹಿಂದೆ ಹೋಯಿತು. ಈ ವಿಷಯದಲ್ಲಿ ನಮ್ಮೂರೇ ವಾಸಿ, ಮಳೆ ನಿಂತರೆ!

ಮುಂದಿನ ಜುಲೈಗೆ ನೀವಿಬ್ಬರೂ ಬನ್ನಿ. ಜಾಗ ಆರು ತಿಂಗಳು ಮುಂಚೆ ಕಾದಿರಿಸಬೇಕು. ಕಟ್ಟಿಗೆ ಒಲೆ ಇರುವ ಮರದ ಕ್ಯಾಬಿನ್‌ಗಳೂ ಇವೆ, ಬೇಗ ಹೋಗಿಬಿಡುತ್ತವೆ. ಅಪ್ಪ, ಪಂಚಾಂಗ ನೋಡಿ ಅಮಾವಾಸ್ಯೆ ಯಾವತ್ತು ಅಂತ ಬರಿ, ಜನವರಿಯಲ್ಲೇ ಬುಕ್ ಮಾಡುತ್ತೇನೆ.

ನಿಮ್ಮ ಮಗ