ಶೆರಿಫ್, ದಫೇದಾರರು ಮತ್ತು ಬಾರದ ಲೇಖನಗಳು

ರಾತ್ರಿ ಹನ್ನೊಂದೂವರೆ. ಪ್ರಿಂಟಿಂಗ್‌ನವರು ಬೆಳಿಗ್ಗೆ ಎಂಟಕ್ಕೆ ಫೈಲ್ ಕೇಳಿದ್ದಾರೆ. ನಮ್ಮ ಡೆನ್ವರ್ ಕನ್ನಡ ಕೂಟದ ಸಂಚಿಕೆಯಲ್ಲಿ ಸಂಪಾದಕೀಯದ ಜಾಗ ಇನ್ನೂ ಖಾಲಿ. ದೀಪಾವಳಿ ಬಗ್ಗೆ ಹೋದ ವರ್ಷವೇ ಬರೆದಾಗಿದೆ, ಈ ಸಲ ಒಂದು ಪುಸ್ತಕದ ವಿಷಯ ಹೇಳಿಬಿಡುತ್ತೇನೆ.

ನಮ್ಮ ಕೂಟದ ಹಳೇ ಸದಸ್ಯರೊಬ್ಬರು ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ವಾಪಸ್ ಹೋದದ್ದು ನಿಮಗೆಲ್ಲ ಗೊತ್ತು. ಹೋಗುವಾಗ ಗ್ರೈಂಡರ್ ಒಬ್ಬರಿಗೆ, ಕುಕ್ಕರ್ ಇನ್ನೊಬ್ಬರಿಗೆ ಕೊಟ್ಟರು. ನನ್ನ ಪಾಲಿಗೆ ಬಂದದ್ದು ಪುಸ್ತಕದ ಡಬ್ಬ. ಅದರಲ್ಲಿ ಸಿಕ್ಕಿತು ಕ್ರೇಗ್ ಜಾನ್ಸನ್ ಅವರ ‘ದಿ ಕೋಲ್ಡ್ ಡಿಶ್’, 2004ರ ಕಾದಂಬರಿ. 2012ರಿಂದ 2017ರವರೆಗೆ ಟಿವಿಯಲ್ಲಿ ಬಂದ ‘ಲಾಂಗ್‌ಮೈರ್’ ನೋಡಿದವರಿಗೆ ಇದರ ನಾಯಕ, ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ವಾಲ್ಟ್ ಲಾಂಗ್‌ಮೈರ್ ಪರಿಚಯ ಇರಬಹುದು. ಅವನ ಮೊದಲ ಪುಸ್ತಕ ಇದೇ.

ಕಥೆ ನಡೆಯುವುದು ಪಕ್ಕದ ವಯೋಮಿಂಗ್‌ನಲ್ಲಿ. ಕರ್ನಾಟಕಕ್ಕಿಂತ ದೊಡ್ಡ ರಾಜ್ಯ, ಜನ ಮಾತ್ರ ಆರು ಲಕ್ಷವೂ ಇಲ್ಲ. ಡ್ಯೂರಂಟ್ ಅನ್ನುವ ಊರು ಕಲ್ಪನೆಯದು, ಆದರೆ ಅದಕ್ಕೆ ಮಾದರಿ ಅಲ್ಲಿನ ಬಫಲೋ ಎಂಬ ನಿಜವಾದ ಊರು. ನಮ್ಮ ಡೆನ್ವರ್‌ನಲ್ಲಿ ದಿನಾ ಟ್ರಾಫಿಕ್ಕಲ್ಲಿ ನಿಂತು ಬೈಯುತ್ತೇವಲ್ಲ, ಅದೇ ಐ-25 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗುತ್ತಾ ಇದ್ದರೆ ರಸ್ತೆ ಮುಗಿಯುವುದೇ ಆ ಊರಲ್ಲಿ.

ವಾಲ್ಟ್ ಲಾಂಗ್‌ಮೈರ್‌ಗೆ ಹೆಂಡತಿ ಇಲ್ಲ, ತೀರಿಕೊಂಡಿದ್ದಾಳೆ. ಮಗಳು ಫಿಲಡೆಲ್ಫಿಯಾದಲ್ಲಿ ವಕೀಲೆ. ಮನೆ ಅರ್ಧ ಕಟ್ಟಿ ಹಾಗೇ ಬಿಟ್ಟಿದ್ದಾನೆ. ಒಂದು ದಿನ ಕೋಡಿ ಪ್ರಿಚರ್ಡ್ ಎಂಬ ಹುಡುಗನ ಹೆಣ ಸಿಗುತ್ತದೆ. ಎರಡು ವರ್ಷದ ಹಿಂದೆ ಇವನೂ ಇನ್ನೂ ಮೂವರು ಹುಡುಗರೂ ಸೇರಿ ಶಯನ್ ಎಂಬ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಒಬ್ಬ ಹುಡುಗಿಯ ಮೇಲೆ ಅತ್ಯಾಚಾರ ಮಾಡಿ, ಜೈಲಿಗೂ ಹೋಗದೆ ಆರಾಮಾಗಿ ಮನೆಗೆ ಬಂದವರು. ಊರಲ್ಲಿ ಸತ್ತವನಿಗಾಗಿ ಅಳುವವರು ಕಮ್ಮಿ. ಆದರೆ ಉಳಿದವರನ್ನು ಕಾಯುವುದು ಈಗ ಶೆರಿಫನ ಕೆಲಸ! ಅನುಮಾನ ಹೋಗುವುದು ಯಾರ ಮೇಲೆ? ಅವನ ಬಾಲ್ಯದ ಗೆಳೆಯ, ಬಾರ್ ನಡೆಸುವ ಹೆನ್ರಿ ಸ್ಟ್ಯಾಂಡಿಂಗ್ ಬೇರ್ ಮೇಲೂ. ಆ ಹುಡುಗಿ ಹೆನ್ರಿಯ ಸಂಬಂಧಿ. ಕೊಂದದ್ದು ಯಾರು ಅಂತ ನಾನು ಹೇಳುವುದಿಲ್ಲ. ನಡುವೆ ಸ್ವಲ್ಪ ಎಳೆಯುತ್ತದೆ, ಬಂದೂಕಿನ ವಿವರ ಜಾಸ್ತಿ ಆಯ್ತು ಅನ್ನಿಸಿತು. ಆದರೆ ವಾಲ್ಟ್ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಾ ಕಥೆ ಹೇಳುವ ರೀತಿ ಚೆನ್ನಾಗಿದೆ, ಡೆಪ್ಯುಟಿ ವಿಕ್ ಬಾಯಿ ಬಿಟ್ಟರೆ ಮಕ್ಕಳನ್ನು ಆಚೆ ಕಳಿಸಬೇಕು.

ಇಲ್ಲಿ ಶೆರಿಫ್ ವೋಟಿನಿಂದ ಗೆದ್ದು ಬರುತ್ತಾನಲ್ಲ. ಕನ್ನಡ ಕಲಿ ತರಗತಿಯ ಹುಡುಗಿಯೊಬ್ಬಳು ಕೇಳಿದಳು, “ಅಂಕಲ್, ನಿಮ್ಮೂರಲ್ಲಿ ಪೊಲೀಸರಿಗೆ ಯಾರು ವೋಟ್ ಹಾಕ್ತಿದ್ರು?” ವೋಟ್ ಹಾಕ್ತಿರಲಿಲ್ಲ ಮರಿ, ಟ್ರಾನ್ಸ್‌ಫರ್ ಮಾಡಿಸ್ತಿದ್ರು ಅಂದೆ. ಅವಳ ಅಪ್ಪ ನಕ್ಕರು, ಅವಳಿಗೆ ಅರ್ಥ ಆಗಲಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಊರಲ್ಲಿ ಒಬ್ಬ ದಫೇದಾರರಿದ್ದರು. ಬಸ್‌ಸ್ಟ್ಯಾಂಡ್ ಹತ್ತಿರದ ಬಾಡಿಗೆ ಲೈಬ್ರರಿಗೆ ಯೂನಿಫಾರಂನಲ್ಲೇ ಬಂದು ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಒಯ್ಯುತ್ತಿದ್ದರು. “ಈ ಪತ್ತೇದಾರ ಪುರುಷೋತ್ತಮ ಯಾಕೆ ಇಷ್ಟು ಒದ್ದಾಡ್ತಾನೋ, ನಾಲ್ಕು ಮನೇಲಿ ಕಾಫಿ ಕುಡಿದಿದ್ರೆ ಗೊತ್ತಾಗ್ತಿತ್ತು” ಅನ್ನುತ್ತಿದ್ದರು. ಅವರು ಮಾಡುತ್ತಿದ್ದದ್ದೂ ಅಷ್ಟೇ. ಒಂದು ಸಲ ನಮ್ಮ ದೊಡ್ಡಪ್ಪನ ಅಂಗಳದಲ್ಲಿ ಒಣಹಾಕಿದ್ದ ಅಡಿಕೆ ರಾತ್ರೋರಾತ್ರಿ ಮಾಯ. ದಫೇದಾರರು ಕಂಪ್ಲೇಂಟ್ ಬರೆಯಲೇ ಇಲ್ಲ. ಸೀದಾ ಒಂದು ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಮಳೆ ಬೆಳೆ ಮಾತಾಡಿ, ಎದ್ದು ಬರುವಾಗ “ನಾಳೆ ಬೆಳಿಗ್ಗೆ ಹೊತ್ತಿಗೆ ಅಂಗಳದಲ್ಲಿ ಇರ್ಲಿ” ಅಂದರಂತೆ. ಇತ್ತು. ಚೀಲ ಸಮೇತ. ನಮಗೆಲ್ಲ ಅವರು ಹೀರೋ. ಆದರೆ ಅದೇ ಊರಲ್ಲಿ ತೋಟದ ಕೆಲಸಕ್ಕೆ ಬರುತ್ತಿದ್ದವರ ಮಗಳೊಬ್ಬಳಿಗೆ ಅನ್ಯಾಯ ಆಯಿತು. ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ದಫೇದಾರರಿಗೂ. ಆಗಲೂ ಕಂಪ್ಲೇಂಟ್ ಬರೆಯಲಿಲ್ಲ. ಆ ಮನೆಯವರು ಘಟ್ಟದ ಕೆಳಗೆ ಹೋದರು ಅಂತ ಕೇಳಿದ್ದಷ್ಟೇ. ಎಲ್ಲರ ಮನೆಯ ಕಾಫಿ ಕುಡಿದವನಿಗೆ ಯಾರನ್ನಾದರೂ ಹಿಡಿಯುವುದು ಎಷ್ಟು ಕಷ್ಟ ಅನ್ನುವುದನ್ನು ಜಾನ್ಸನ್ ಚೆನ್ನಾಗಿ ಬರೆದಿದ್ದಾರೆ. ಅದಕ್ಕೇ ಓದಿ ಅನ್ನುತ್ತಿದ್ದೇನೆ, ಕೊಲೆಗಾರನಿಗೋಸ್ಕರ ಅಲ್ಲ.

ಸರಿ, ಪ್ರಕಟಣೆಗಳು. ರಾಜ್ಯೋತ್ಸವ ಮತ್ತು ದೀಪಾವಳಿ ಒಟ್ಟಿಗೇ, ನವೆಂಬರ್ ಎರಡನೇ ಶನಿವಾರ ಸಂಜೆ 4ಕ್ಕೆ, ಅದೇ ಸ್ಕೂಲಿನ ಆಡಿಟೋರಿಯಂ. ಒಳಗೆ ಬೆಂಕಿ ಹಚ್ಚುವಂತಿಲ್ಲ, ಬ್ಯಾಟರಿ ದೀಪ ತನ್ನಿ. ಊಟಕ್ಕೆ ಬಿಸಿಬೇಳೆಬಾತ್ ಖಚಿತ, ಹೋಳಿಗೆಗೆ ಇನ್ನೂ ಯಾರೂ ಒಪ್ಪಿಲ್ಲ. ಮಕ್ಕಳ ನಾಟಕದ ರಿಹರ್ಸಲ್ ಭಾನುವಾರ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಮರೆಯಬೇಡಿ. ಸದಸ್ಯತ್ವದ ಹಣ ಬಾಕಿ ಇರುವವರು, ನೀವು ಯಾರು ಅಂತ ನಿಮಗೇ ಗೊತ್ತು.

ಇನ್ನೊಂದು. ಲೇಖನ ಕಳಿಸುತ್ತೇವೆ ಅಂದವರಲ್ಲಿ ಕಳಿಸಿದ್ದು ಇಬ್ಬರೇ, ಒಂದು ‘ನುಡಿ’ ಅನ್ನುವ ಹಳೇ ಕನ್ನಡ ಫಾಂಟಲ್ಲಿ, ಇನ್ನೊಂದು ವಾಟ್ಸಾಪ್ ವಾಯ್ಸ್ ಮೆಸೇಜಲ್ಲಿ. ಕೂತು ಟೈಪ್ ಮಾಡಿದ್ದು ನಾನೇ. ಯುಗಾದಿ ಸಂಚಿಕೆಗೆ ಯಾರಾದರೂ ಒಬ್ಬರು ಜೊತೆಗೆ ಬನ್ನಿ. ಕನ್ನಡ ಟೈಪ್ ಮಾಡಲು ಬಂದರೆ ಸಾಕು, ಉಳಿದದ್ದು ಹೇಳಿಕೊಡುತ್ತೇನೆ. ಯಾರೂ ಬರದಿದ್ದರೆ ಯುಗಾದಿಗೆ ಎರಡೇ ಪುಟ ಬರುತ್ತದೆ, ಅದರಲ್ಲೂ ಒಂದು ಪುಟ ಪೂರ್ತಿ ಬೀಮಾ ಏಜೆಂಟರ ಜಾಹೀರಾತು.