ಮಗಳಿಗೊಂದು ಪತ್ರ: ನೆಂಟಸ್ತಿಕೆ ಬೇರೆ, ವಾಸ ಬೇರೆ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳಲು ಹೊರಟರೆ ನೀನು ಮಧ್ಯೆ ಬಾಯಿ ಹಾಕುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಹಿಂದೂ ಮಹಾಸಾಗರ, ಪೆಸಿಫಿಕ್ ಎರಡರಲ್ಲೂ ಇರುವ ತಿಮಿಂಗಿಲ ಶಾರ್ಕ್‌ಗಳು ಒಂದೇ ಕುಲ ಅಂತ ಡಿಎನ್‌ಎ ಹೇಳುತ್ತದೆ, ಹಾಗಿದ್ದ ಮೇಲೆ ಗುಜರಾತಿನವನ್ನು ಉಳಿಸಲು ಯಾಕಿಷ್ಟು ಒದ್ದಾಟ ಅಂತ ಕೇಳಿದೆಯಲ್ಲ. ಪ್ರಶ್ನೆ ಚೆನ್ನಾಗಿದೆ. ಆದರೆ ಅದರೊಳಗೊಂದು ಎಡವಟ್ಟಿದೆ.

2007ರಲ್ಲಿ 70 ಶಾರ್ಕ್‌ಗಳ ಮೈಟೋಕಾಂಡ್ರಿಯದ ಡಿಎನ್‌ಎ ಓದಿದರು. ತಾಯಿಯಿಂದ ಮಾತ್ರ ಬರುವುದು ಅದು, ನಿನಗೆ ಗೊತ್ತೇ ಇದೆ. 2009ರಲ್ಲಿ ಇನ್ನೊಂದು ತಂಡ 68 ಶಾರ್ಕ್‌ಗಳ ಮೈಕ್ರೋಸ್ಯಾಟಲೈಟ್, ಅಂದರೆ ಅಪ್ಪ ಅಮ್ಮ ಇಬ್ಬರಿಂದಲೂ ಬರುವ, ಒಂದೇ ಅಕ್ಷರಗಳು ಮತ್ತೆ ಮತ್ತೆ ಬರುವ ಪುಟ್ಟ ಡಿಎನ್‌ಎ ತುಣುಕುಗಳನ್ನು ನೋಡಿತು. 2014ರಲ್ಲಿ ನಾನೂರಕ್ಕೂ ಜಾಸ್ತಿ ಮಾದರಿ ಸೇರಿದಾಗ ಎರಡು ಗುಂಪು ಬೇರೆಯಾಗಿ ಕಂಡವು. ಅಟ್ಲಾಂಟಿಕ್‌ನವು ಒಂದು, ಉಳಿದವೆಲ್ಲ ಇನ್ನೊಂದು. ಆಫ್ರಿಕಾದ ದಕ್ಷಿಣ ತುದಿಯ ತಣ್ಣೀರು ಇವೆರಡರ ನಡುವೆ ಅಡ್ಡ ನಿಂತಿರಬೇಕು. ತಮಾಷೆ ಏನು ಗೊತ್ತಾ? 1828ರಲ್ಲಿ ಈ ಮೀನಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದೇ ಆ ತುದಿಯ ಹತ್ತಿರ, ಟೇಬಲ್ ಬೇಯಲ್ಲಿ ಸಿಕ್ಕ ಒಂದು ಶಾರ್ಕ್‌ನಿಂದ!

ಈಗ ಎಡವಟ್ಟಿಗೆ ಬರುತ್ತೇನೆ. ತಲೆಮಾರಿಗೆ ಬೆರಳೆಣಿಕೆಯಷ್ಟು ಮೀನು ಆ ಕಡೆಯಿಂದ ಈ ಕಡೆ ಬಂದು ಮರಿ ಹಾಕಿದರೂ ಸಾಕು, ವಂಶವಾಹಿಗಳು ಬೆರೆತುಹೋಗುತ್ತವೆ. ದುಬೈಯಲ್ಲಿ ನಮಗೆ ನೆಂಟರಿದ್ದಾರೆ ಅಂದ ಮಾತ್ರಕ್ಕೆ ನಮ್ಮೂರಿನ ಖಾಲಿ ಮನೆಗೆ ಅವರು ಬಂದು ಇರುತ್ತಾರಾ? ಇಲ್ಲ ಅಲ್ವಾ. ಡಿಎನ್‌ಎ ಹೇಳುವುದು ನೆಂಟಸ್ತಿಕೆಯನ್ನು ಮಾತ್ರ. ವಾಸ ಎಲ್ಲಿ ಅಂತ ತಿಳಿಯಲು ಬೇರೆ ದಾರಿ ಬೇಕು.

ಆ ದಾರಿಯೂ ಇದೆ. ಪ್ರತಿ ಶಾರ್ಕ್‌ನ ಮೈಮೇಲಿನ ಬಿಳಿ ಚುಕ್ಕೆಗಳ ಜೋಡಣೆ ಬೇರೆ ಬೇರೆ. ಆಕಾಶದ ಫೋಟೋಗಳಲ್ಲಿ ನಕ್ಷತ್ರಗಳ ಗುಂಪನ್ನು ಹೊಂದಿಸಿ ನೋಡಲು ಖಗೋಳ ವಿಜ್ಞಾನಿಗಳು ಮಾಡಿಕೊಂಡಿದ್ದ ಲೆಕ್ಕವನ್ನೇ 2005ರಲ್ಲಿ ಈ ಚುಕ್ಕೆಗಳಿಗೆ ಹಾಕಿದರು. ನನಗೆ ಇದು ಇಡೀ ವಿಷಯದಲ್ಲೇ ತುಂಬಾ ಇಷ್ಟ. ಹೀಗೆ ಮೊಜಾಂಬಿಕ್, ಟಾಂಜಾನಿಯ, ಕತಾರ್ ಕಡಲಿನ ಫೋಟೋಗಳನ್ನು ವರ್ಷಗಟ್ಟಲೆ ಹೊಂದಿಸಿ ನೋಡಿದರೆ, ಒಂದು ಕಡೆ ಕಂಡ ಶಾರ್ಕ್ ಇನ್ನೊಂದು ಕಡೆ ಕಾಣಿಸಿದ್ದು ಬಹಳ ಕಡಿಮೆ. ಡಿಎನ್‌ಎ ಪ್ರಕಾರ ಒಂದೇ ಕುಲ, ದಿನದ ಬದುಕಿನಲ್ಲಿ ಬೇರೆ ಬೇರೆ ಬಿಡಾರ. ಒಂದು ಬಿಡಾರ ಖಾಲಿಯಾದರೆ ತುಂಬಲು ತಲೆಮಾರುಗಳೇ ಬೇಕು. ಈ ಮೀನಿನ ಒಂದು ತಲೆಮಾರು ಅಂದರೆ ಸುಮಾರು 25 ವರ್ಷ.

ಇನ್ನೊಂದು ಮಾತು. 2009ರ ಆ ಅಧ್ಯಯನ ಪರಿಣಾಮಕಾರಿ ಸಂಖ್ಯೆ, ಅಂದರೆ ವಂಶವಾಹಿಗಳ ವೈವಿಧ್ಯ ನೋಡಿ ಊಹಿಸಿದ ಮರಿ ಹಾಕುವ ಮೀನುಗಳ ಸಂಖ್ಯೆ, ಸುಮಾರು 1 ಲಕ್ಷ ಅಂದಿತು. ಅದನ್ನು ಈಗ ಕಡಲಲ್ಲಿರುವ ತಲೆಗಳ ಲೆಕ್ಕ ಅಂದುಕೊಂಡೀಯೆ, ಜೋಕೆ. ವಂಶವಾಹಿಗಳ ವೈವಿಧ್ಯ ನಿಧಾನವಾಗಿ ಕರಗುತ್ತದೆ. ಅದು ಹಳೆಯ ಕಾಲದ ಸಂಖ್ಯೆಯನ್ನು ತೋರಿಸುತ್ತಿರುತ್ತದೆ, ಅಷ್ಟರಲ್ಲಿ ಮೀನು ಮುಗಿದಿರಬಹುದು.

ಈಗ ಗುಜರಾತಿನ ಕಥೆ ಕೇಳು. ಅಲ್ಲಿನ ವೆರಾವಲ್ ಬಂದರಿನ ಸುತ್ತಮುತ್ತ ಮೊದಲು ಯಕೃತ್ತಿನ ಎಣ್ಣೆಗಾಗಿ ಹಿಡಿಯುತ್ತಿದ್ದರು, ದೋಣಿಯ ಮರಕ್ಕೆ ಬಳಿಯಲು. ಆಮೇಲೆ ಮಾಂಸ, ರೆಕ್ಕೆಗೆ ಹೊರದೇಶದಲ್ಲಿ ಬೆಲೆ ಬಂತು. 1990ರ ದಶಕದ ಕೊನೆಗೆ ನೂರಾರು ಸತ್ತವು. 2001ರಲ್ಲಿ ಸರ್ಕಾರ ಅದನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಆ ಕಾಯ್ದೆಯ ರಕ್ಷಣೆ ಪಡೆದ ಮೊದಲ ಮೀನು ಇದು. ಆದರೆ ಬರೀ ಕಾನೂನಿಗೆ ಯಾರು ಬಲೆ ಕತ್ತರಿಸುತ್ತಾರೆ? 2004ರಲ್ಲಿ ಶುರುವಾದ ಅಭಿಯಾನದಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು, ಇದು ಬಾಣಂತನಕ್ಕೆ ತವರಿಗೆ ಬರುವ ಮಗಳು ಅಂತ ಮೀನುಗಾರರಿಗೆ ಹೇಳಿದರು. ಅರಣ್ಯ ಇಲಾಖೆ ಹರಿದ ಬಲೆಗೆ ಪರಿಹಾರ ಕೊಟ್ಟಿತು. ಬಲೆಗೆ ಸಿಕ್ಕ ನೂರಾರು ಶಾರ್ಕ್‌ಗಳು ಅಲ್ಲಿಂದ ಮತ್ತೆ ಕಡಲಿಗೆ ಹೋದವು. ಪರಿಹಾರವಿಲ್ಲದೆ ಬರೀ ಮಾತು ಫಲಿಸುತ್ತಿರಲಿಲ್ಲ, ಮಾತಿಲ್ಲದೆ ಬರೀ ಹಣವೂ ಕೆಲಸ ಮಾಡುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಬಸುರಿ ಶಾರ್ಕ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ, 1995ರಲ್ಲಿ ತೈವಾನಿನಲ್ಲಿ ಹಿಡಿದ ಒಂದರ ಹೊಟ್ಟೆಯಲ್ಲಿ ಸುಮಾರು 300 ಮರಿಗಳಿದ್ದವು. ಇದರ ಬಸಿರಿನ ಬಗ್ಗೆ ನಮಗೆ ತಿಳಿದಿರುವ ಬಹುಪಾಲು ಆ ಒಂದು ಮೀನಿನಿಂದಲೇ. 2010ರಲ್ಲಿ ಅದರ 29 ಮರಿಗಳ ಡಿಎನ್‌ಎ ನೋಡಿದರು. ಎಲ್ಲಕ್ಕೂ ಒಬ್ಬನೇ ಅಪ್ಪ! ಮರಿಗಳೋ ಬೇರೆ ಬೇರೆ ಹಂತದಲ್ಲಿ ಬೆಳೆದಿದ್ದವು. ಅಂದರೆ ಹೆಣ್ಣು ಒಂದೇ ಕೂಡುವಿಕೆಯ ವೀರ್ಯವನ್ನು ಇಟ್ಟುಕೊಂಡು ನಿಧಾನವಾಗಿ ಬಳಸುತ್ತಿರಬಹುದು. ಇಂಥ ಒಂದು ಹೆಣ್ಣು ಬಲೆಗೆ ಬಿದ್ದರೆ ಎಷ್ಟು ಹೋಯಿತು ಅಂತ ನೀನೇ ಲೆಕ್ಕ ಹಾಕು.

ನಿನ್ನ ಸೆಮಿನಾರಿಗೆ ಒಂದು ಸಲಹೆ. 2016ರಲ್ಲಿ ಐಯುಸಿಎನ್, ಅಂದರೆ ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ, ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದಾಗ ಎರಡೂ ಗುಂಪುಗಳನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿತು. 75 ವರ್ಷಗಳಲ್ಲಿ ನಮ್ಮ ಕಡೆಯ ಗುಂಪು ಶೇ. 63ರಷ್ಟು ಕಡಿಮೆ, ಅಟ್ಲಾಂಟಿಕ್‌ನದು ಕುಸಿದದ್ದು ಶೇ. 30ಕ್ಕೂ ಹೆಚ್ಚು. ಕುಲದ ನಕ್ಷೆಯ ಪಕ್ಕದಲ್ಲೇ ಈ ಎರಡು ಅಂಕಿ ಹಾಕು. ನಿನ್ನ ಪ್ರಶ್ನೆಯನ್ನೇ ಅಲ್ಲಿ ಯಾರಾದರೂ ಕೇಳುತ್ತಾರೆ ನೋಡು. ನೀನು ಏನು ಹೇಳಿದೆ ಅಂತ ನನಗೂ ಬರೆ.

ನಿನ್ನ
ಅಮ್ಮ